ಬಾಡಿಗೆ ಮನೆಯ ಅನಂತ

“ಗಮನಿಸಿದೀಯೇನೇ? ಅನಂತ್‌ನಾಗ್‌ಗೆ ಯಾವ ಪಿಕ್ಚರಲ್ಲೂ ಸ್ವಂತ ಮನೆ ಇರಲ್ಲ.”

ತುಟಿಯ ತುದಿಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡೇ ಚಿಕ್ಕಮ್ಮ ಈ ಮಾತು ಹೇಳಿದಾಗ ನನಗೆ 11 ವರ್ಷ. ಮಲ್ಲೇಶ್ವರದ 11ನೇ ಕ್ರಾಸಿನಲ್ಲಿ ನಮ್ಮ ವಠಾರ. ಏಳು ಮನೆ, ಎರಡು ಬಚ್ಚಲು, ಒಂದು ನಲ್ಲಿ. ಮೂರನೇ ಮನೆ ಚಿಕ್ಕಮ್ಮನದು, ನಾಲ್ಕನೇದು ನಮ್ಮದು. ನಡುವಿನ ಗೋಡೆ ಎಷ್ಟು ತೆಳುವಾಗಿತ್ತೆಂದರೆ, ಅವಳ ಹೊಲಿಗೆ ಮಿಷನ್ನಿನ ಸದ್ದು ನಡುವೆ ನಿಂತುಹೋದರೆ ಅಮ್ಮ ಈ ಕಡೆಯಿಂದಲೇ “ಏನೇ, ದಾರ ಕಿತ್ಕೊಳ್ತಾ?” ಅಂತ ಕೇಳುತ್ತಿದ್ದಳು.

ಚಿಕ್ಕಮ್ಮ ಇಡೀ ಬೀದಿಗೆ ರವಿಕೆ ಹೊಲಿದುಕೊಡುತ್ತಿದ್ದಳು. ಶಾಲೆ ಬಿಟ್ಟು ಬಂದ ಮೇಲೆ ಹುಕ್ಕು ಹಾಕುವುದು, ಹೆಮ್ಮಿಂಗ್ ಮಾಡುವುದು ನನ್ನ ಕೆಲಸ. ಒಂದು ರವಿಕೆಗೆ ಆರು ಹುಕ್ಕು. ಕೂಲಿಯೆಂದರೆ ಅವಳು ಹೇಳುವ ಸಿನಿಮಾ ಕಥೆ. ಕಥೆಯಲ್ಲಿ ಅನಂತ್‌ನಾಗ್ ಇಲ್ಲದಿದ್ದರೆ ಅವಳು ಅರ್ಧಕ್ಕೇ ನಿಲ್ಲಿಸಿ “ಆಮೇಲೆ ಎಲ್ಲಾರೂ ಒಂದಾದ್ರು” ಅಂತ ಮುಗಿಸಿಬಿಡುತ್ತಿದ್ದಳು. ಅನಂತ್‌ನಾಗ್ ಇದ್ದರೆ ಮಾತ್ರ ನಾಲ್ಕು ರವಿಕೆ ಮುಗಿದರೂ ಇಂಟರ್‌ವಲ್ ಬರುತ್ತಿರಲಿಲ್ಲ.

ಅವಳು ಅವರನ್ನು ಕರೆಯುತ್ತಿದ್ದದ್ದು ಬರೀ ‘ಅನಂತ’ ಅಂತ. ರಾಜ್‌ಕುಮಾರ್ ‘ಅಣ್ಣಾವ್ರು’. ವಿಷ್ಣುವರ್ಧನ್ ‘ವಿಷ್ಣು ಸಾರ್’. ಅನಂತ್‌ನಾಗ್‌ಗೆ ಮಾತ್ರ ಏಕವಚನ. “ಅವನು ನಮ್ಮ ಪಕ್ಕದ ಮನೆಯೋನ ಥರ ಕಣೇ, ಅವನಿಗೆ ರೀ ಅಂದ್ರೆ ಅವನೇ ನೊಂದ್ಕೋತಾನೆ” ಅನ್ನುತ್ತಿದ್ದಳು. ಅವರು ಹುಟ್ಟಿದ್ದು 1948ರಲ್ಲಿ, ಇವಳು 1950ರಲ್ಲಿ. ಎರಡೇ ವರ್ಷದ ಅಂತರ ಅನ್ನುವುದು ಅವಳಿಗೆ ಬಹಳ ಮುಖ್ಯವಾಗಿತ್ತು.

ಪಾತ್ರಗಳನ್ನು ಅವಳು ಅಳೆಯುತ್ತಿದ್ದದ್ದೂ ಟೇಪಿನಲ್ಲೇ. ‘ಬಯಲು ದಾರಿ’ಯ ನಾಯಕ “ಭುಜದ ಹತ್ರ ಕರೆಕ್ಟು, ನಡುವಿನ ಹತ್ರ ಸ್ವಲ್ಪ ಲೂಸು.” ‘ಬೆಂಕಿಯ ಬಲೆ’ಯಲ್ಲಿ, ಮಾಡದ ತಪ್ಪಿಗೆ ಜೈಲು ಕಂಡು ಬಂದವನ ಪಾತ್ರ “ಕಂಕುಳಲ್ಲಿ ಹಿಡಿಯುತ್ತೆ, ನೋಡೋರಿಗೂ ಕೈ ಎತ್ತಕ್ಕಾಗಲ್ಲ.” ‘ಹಂಸಗೀತೆ’ಗೆ ಮಾತ್ರ ಅವಳು ಟೇಪು ಹಿಡಿಯುತ್ತಿರಲಿಲ್ಲ. 1975ರ ಆ ಚಿತ್ರವನ್ನು ಮದುವೆಗೆ ಮುಂಚೆ ನೋಡಿದ್ದಳಂತೆ. ಸಂಗೀತಕ್ಕಾಗಿ ಅಲೆದಲೆದು ಕೊನೆಗೆ ನಾಲಿಗೆಯನ್ನೇ ಕೊಟ್ಟುಬಿಡುವ ಗಾಯಕನ ಕಥೆ ಅದು. ಕೇಳಿದಾಗಲೆಲ್ಲ “ಅದು ರೇಷ್ಮೆ. ಅದಕ್ಕೆ ಕತ್ತರಿ ಹಾಕಬಾರದು” ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದಳು.

ಬಾಡಿಗೆ ಮನೆಯ ಸಿದ್ಧಾಂತ ಹುಟ್ಟಿದ್ದು 1990ರಲ್ಲಿ, ‘ಗಣೇಶನ ಮದುವೆ’ ಬಂದಾಗ. ಫಣಿ ರಾಮಚಂದ್ರ ಅವರ ಚಿತ್ರ. ಅದರ ಕಥೆ ನಡೆಯುವುದೇ ಒಂದು ವಠಾರದಲ್ಲಿ ಎಂದು ಯಾರೋ ಹೇಳಿದ್ದೇ ತಡ, ನಮ್ಮ ವಠಾರದ ಐದು ಮನೆಯ ಹೆಂಗಸರು ಚಿತ್ರಾನ್ನ ಕಟ್ಟಿಕೊಂಡು ಮ್ಯಾಟಿನಿಗೆ ಹೊರಟರು. ಮಕ್ಕಳು ಒಂಬತ್ತು ಜನ. ಸೀಟು ಸಾಲದೆ ನಾನು ಚಿಕ್ಕಮ್ಮನ ತೊಡೆಯ ಮೇಲೆ ಕೂತು ನೋಡಿದೆ. ಹಾಗಾಗಿ ಅರ್ಧ ಚಿತ್ರವನ್ನು ಕಣ್ಣಿಂದ ನೋಡಿದರೆ ಇನ್ನರ್ಧವನ್ನು ಬೆನ್ನಿಂದ ನೋಡಿದೆ. ಅವಳು ನಕ್ಕಾಗ ನನ್ನ ಬೆನ್ನು ಕುಲುಕುತ್ತಿತ್ತು.

ವೈ.ಜಿ. ರಾವ್ ಅನ್ನುವ ಬಾಡಿಗೆದಾರನಾಗಿ ಅನಂತ್‌ನಾಗ್, ವಠಾರದ ಓನರಾಗಿ ಮುಖ್ಯಮಂತ್ರಿ ಚಂದ್ರು. ಇಬ್ಬರಿಗೂ ನಿತ್ಯ ಜಗಳ. ಓನರ್ ಮಗಳಾಗಿ ವಿನಯಾ ಪ್ರಸಾದ್. ಅವಳನ್ನು ಕಂಡರೆ ಇವನಿಗಾಗದು, ಇವನನ್ನು ಕಂಡರೆ ಅವಳಿಗಾಗದು. ಆದರೆ ಹೆಸರು ಬದಲಿಸಿಕೊಂಡು ಹಾಡುವ ಗಾಯಕಿ ಅವಳೇ. ಆ ಗಾಯಕಿಗೆ ಗಣೇಶ ಅನ್ನುವ ಹೆಸರಲ್ಲಿ ಕಾಗದ ಬರೆದು ಬರೆದು ಪ್ರೀತಿಯಲ್ಲಿ ಬಿದ್ದವನು ಇವನೇ. ಇಬ್ಬರಿಗೂ ಅದು ಗೊತ್ತಿಲ್ಲ, ಟಾಕೀಸಿನಲ್ಲಿ ಕೂತವರಿಗೆಲ್ಲ ಗೊತ್ತು. ಮುಂದಿನ ಸಾಲಿನಲ್ಲಿದ್ದ ಏಳನೇ ಮನೆಯ ಅಜ್ಜಿಗೆ ತಡೆಯಲಾಗದೆ “ಅಯ್ಯೋ, ಅವಳೇ ಕಣಪ್ಪಾ!” ಎಂದು ಕೂಗಿಯೇಬಿಟ್ಟರು.

ಆದರೆ ನಮ್ಮವರೆಲ್ಲ ಮನಸ್ಸಿಟ್ಟು ನೋಡಿದ್ದು ಪ್ರೇಮವನ್ನಲ್ಲ, ಓನರ್ ಜೊತೆಗಿನ ಜಗಳವನ್ನು. ನಮ್ಮ ಓನರೂ ಮಹಡಿ ಮೇಲೇ ಇದ್ದರು. ಹತ್ತು ಗಂಟೆಗೆ ಸರಿಯಾಗಿ ಅಂಗಳದ ದೀಪ ಆರಿಸುತ್ತಿದ್ದರು. ನಲ್ಲಿಯ ವಾಷರ್ ಸವೆದಿದೆ ಎಂದು ಮೂರು ತಿಂಗಳಿಂದ ಹೇಳಿದರೂ ಪ್ರತಿ ಸಲ ಹೊಸದಾಗಿ ಕೇಳಿದವರಂತೆ “ಹೌದಾ?” ಅನ್ನುತ್ತಿದ್ದರು. ಎದುರು ನಿಂತು ಮಾತಾಡುವ ಧೈರ್ಯ ಏಳು ಮನೆಯಲ್ಲಿ ಒಬ್ಬರಿಗೂ ಇರಲಿಲ್ಲ. ತೆರೆಯ ಮೇಲೆ ಅನಂತ್‌ನಾಗ್ ಎದುರು ನಿಂತು ಮಾತಾಡುತ್ತಿದ್ದರು. ಅದೂ ರಂಪ ಮಾಡದೆ. ಮೊದಲು ಒಂದು ಹುಬ್ಬು ಏರುತ್ತಿತ್ತು. ಆಮೇಲೆ ‘ಇವರಿಗೆ ಹೇಗಪ್ಪಾ ತಿಳಿಸಿ ಹೇಳೋದು’ ಅನ್ನುವ ಹಾಗೆ ಒಂದು ಸಣ್ಣ ಉಸಿರು. ಕೊನೆಗೆ ಮಾತು. ಬಸ್ಸಿನಲ್ಲಿ ವಾಪಸು ಬರುವಾಗ ಯಾರೂ ಹಾಡು ಗುನುಗಲಿಲ್ಲ. ಐದೂ ಜನ ಹೆಂಗಸರು ಆ ಉಸಿರನ್ನೇ ಅಭ್ಯಾಸ ಮಾಡುತ್ತಿದ್ದರು.

ಮರುದಿನ ಚಿಕ್ಕಮ್ಮ ಮಹಡಿ ಹತ್ತಿದಳು. ನಾನು ಮೆಟ್ಟಿಲ ಕೆಳಗೆ ನಿಂತಿದ್ದೆ. ಹುಬ್ಬು ಏರಿಸಿದಳು, ಉಸಿರು ಬಿಟ್ಟಳು, “ನೋಡಿ, ನಲ್ಲಿ ನಿಮ್ಮದು, ನೀರು ಕಾರ್ಪೊರೇಷನ್‌ದು, ನಿದ್ದೆ ನಮ್ಮದು. ರಾತ್ರಿಯೆಲ್ಲಾ ತೊಟ್ಟಿಕ್ಕಿದ್ರೆ ಕೆಡೋದು ನಮ್ಮದೇ ಅಲ್ವಾ?” ಅಂದಳು. ಎರಡೇ ದಿನದಲ್ಲಿ ವಾಷರ್ ಬಂತು. ಅಂದಿನಿಂದ ಅದನ್ನು ವಠಾರದಲ್ಲಿ ‘ಅನಂತ್‌ನಾಗ್ ವಾಷರ್’ ಅಂತಲೇ ಕರೆದರು.

ಸಿದ್ಧಾಂತ ಹೊರಬಿದ್ದದ್ದು ಆ ವಾರವೇ. ಅದಕ್ಕೆ ಸಾಕ್ಷಿ ಒದಗಿಸುವುದೇ ನಮ್ಮಿಬ್ಬರ ಆಟವಾಯಿತು. ‘ಬರ’ದಲ್ಲಿ ಅವರು ಜಿಲ್ಲಾಧಿಕಾರಿ, ದೊಡ್ಡ ಬಂಗಲೆ ಇರುತ್ತಲ್ಲ ಅಂದೆ. “ಸರ್ಕಾರಿ ಕ್ವಾರ್ಟರ್ಸು. ವರ್ಗ ಆದ್ರೆ ಮುಗೀತು, ಗಂಟುಮೂಟೆ ಕಟ್ಟಬೇಕು.” ‘ಮಿಂಚಿನ ಓಟ’? “ಅಣ್ಣ ತಮ್ಮ ಇಬ್ರೂ ಜೈಲು. ಜೊತೆಗೆ ಲೋಕನಾಥ್ ಬೇರೆ. ಸರ್ಕಾರದ ವಠಾರ ಅದು.” ‘ಉದ್ಭವ’ದಲ್ಲಿ ರಸ್ತೆ ಅಗಲ ಮಾಡುವ ಗಲಾಟೆ, ನಡುವೆ ದಿಢೀರನೆ ಎದ್ದು ಬರುವ ಗಣೇಶ. “ಅಲ್ಲಿ ಗಣೇಶನಿಗೇ ಸೈಟ್ ಸಿಕ್ತು. ಅನಂತನಿಗೆ?” ‘ಮಾಲ್ಗುಡಿ ಡೇಸ್’ ಹೇಳಿ ಅವಳನ್ನು ಸೋಲಿಸಬಹುದು ಅಂದುಕೊಂಡೆ. ನಲವತ್ತು ತುಂಬುವ ಮೊದಲೇ ಮುದುಕನ ವೇಷ ಹಾಕಿ ಅವರು ಮಿಠಾಯಿ ಅಂಗಡಿಯ ಜಗನ್ ಆಗಿದ್ದರು. ಸ್ವಂತ ಮನೆ, ಸ್ವಂತ ಅಂಗಡಿ. ಚಿಕ್ಕಮ್ಮ ಬಾಬಿನ್ನಿಗೆ ದಾರ ಸುತ್ತುತ್ತಾ ಯೋಚಿಸಿದಳು. “ಇತ್ತು ನಿಜ. ಕೊನೇಲಿ ಏನು ಮಾಡ್ದ? ಮಗನ ಕಾಟಕ್ಕೆ ಅದನ್ನೂ ಬಿಟ್ಟು ಹೊರಟ. ಸ್ವಂತ ಮನೆ ಕೊಟ್ರೂ ಇಟ್ಕೊಳ್ಳಲ್ಲ ಅಂದ್ರೆ ನಾನೇನು ಮಾಡ್ಲಿ?”

ಈ ಆಟದಲ್ಲಿ ಅವಳ ಅತ್ಯುತ್ತಮ ಹೊಡೆತ ಬಂದದ್ದು ‘ನಾ ನಿನ್ನ ಬಿಡಲಾರೆ’ ಟೀವಿಯಲ್ಲಿ ಬಂದ ದಿನ. ಆ ಭಾನುವಾರದ ಸಂಜೆ ನನ್ನ ಕಣ್ಣಿಗೆ ಇನ್ನೂ ಕಟ್ಟಿದ ಹಾಗಿದೆ. ಡಯನೋರಾ ಕಪ್ಪು-ಬಿಳುಪು ಟೀವಿ ಚಿಕ್ಕಮ್ಮನ ಮನೆಯಲ್ಲಿ ಮಾತ್ರ. ನಡುಮನೆಯಲ್ಲಿ ಜನ ಹಿಡಿಸುವುದಿಲ್ಲವೆಂದು ಚಿಕ್ಕಪ್ಪ ಅದನ್ನು ಹೊಲಿಗೆ ಮಿಷನ್ನಿನ ಮೇಲೆ ಇಟ್ಟು, ಮಿಷನ್ನನ್ನೇ ಬಾಗಿಲಿಗೆ ಎಳೆಯುತ್ತಿದ್ದರು. ಒಳಗೆ ಕೂತವರಿಗೆ ಟೀವಿಯ ಬೆನ್ನು, ಅಂಗಳದಲ್ಲಿ ಚಾಪೆ ಹಾಸಿ ಕೂತವರಿಗೆ ಮುಖ. ಆಂಟೆನಾ ತಿರುಗಿಸಲು ಒಬ್ಬ ಹುಡುಗ ಹೆಂಚಿನ ಮೇಲೆ. ಮಿಷನ್ನಿನ ಪೆಡಲ್ಲಿಗೆ ಯಾರದಾದರೂ ಕಾಲು ತಗುಲಿದರೆ ಚಕ್ರ ಗಿರ್ರೆಂದು ತಿರುಗಿ ಟೀವಿ ನಡುಗುತ್ತಿತ್ತು. 1979ರ ಆ ಚಿತ್ರದಲ್ಲಿ ಕಾಮಿನಿ ಅನ್ನುವ ದೆವ್ವ ಅನಂತ್‌ನಾಗ್ ಮೈಮೇಲೆ ಬರುತ್ತದೆ. ಹೆಂಡತಿಯಾಗಿ ಲಕ್ಷ್ಮಿ, ಕಾಪಾಡಲು ಮಂತ್ರಾಲಯದ ರಾಯರು. ದೆವ್ವ ಮೈಮೇಲೆ ಬರುವ ಹೊತ್ತಿಗೇ ಯಾರದೋ ಕಾಲು ಪೆಡಲ್ಲಿಗೆ ತಗುಲಿ ಟೀವಿ ಗಡಗಡ ಅಂತು. ಏಳು ಮನೆಯ ಮಕ್ಕಳೂ ಕಿರುಚಿ ಏಳು ದಿಕ್ಕಿಗೆ ಓಡಿದೆವು.

ಮತ್ತೆ ಬಂದು ಕೂತಾಗ ನನಗೆ ಸಿದ್ಧಾಂತ ನೆನಪಾಯಿತು. “ಇದರಲ್ಲಿ ಅವರೇನೂ ಬಾಡಿಗೆಗಿಲ್ಲವಲ್ಲ ಚಿಕ್ಕಮ್ಮ?”

“ಇಲ್ಲ ಕಣೇ. ಇದರಲ್ಲಿ ಅವನೇ ಮನೆ. ಬಾಡಿಗೆಗೆ ಬಂದಿರೋದು ದೆವ್ವ. ಅಡ್ವಾನ್ಸಿಲ್ಲ, ಕರಾರಿಲ್ಲ. ಖಾಲಿ ಮಾಡು ಅಂದ್ರೆ ‘ನಾ ನಿನ್ನ ಬಿಡಲಾರೆ’ ಅಂತಿದೆ. ಕೊನೆಗೆ ರಾಯರೇ ಬಂದು ಖಾಲಿ ಮಾಡಿಸಬೇಕು.”

ಚಾಪೆಯ ಮೇಲಿದ್ದವರೆಲ್ಲ ನಕ್ಕ ನಗುವಿಗೆ ಮಹಡಿ ಮೇಲಿನ ಕಿಟಕಿ ತೆರೆಯಿತು. ಆ ಚಿತ್ರ ಎಲ್ಲಿ ಬಂದರೂ ನಾನು ಈಗಲೂ ನಿಂತು ನೋಡುತ್ತೇನೆ. ದೆವ್ವದ ದೃಶ್ಯಕ್ಕೆ ಈಗ ಹೆದರಿಕೆಯಾಗುವುದಿಲ್ಲ. ಹೆದರಿದವನ ಪಾತ್ರವನ್ನೂ ಹೆದರಿಸುವವನ ಪಾತ್ರವನ್ನೂ ಒಂದೇ ಮೈಯಲ್ಲಿ ಹೊತ್ತು, ಎರಡು ಕ್ಷಣದ ಅಂತರದಲ್ಲಿ ಒಂದರಿಂದ ಇನ್ನೊಂದಕ್ಕೆ ದಾಟುವುದನ್ನು ನೋಡಿದರೆ ಇಷ್ಟು ವರ್ಷದ ಮೇಲೂ ಮೈ ಜುಮ್ಮೆನ್ನುತ್ತದೆ.

ಸುಳ್ಳಿನ ವಿಷಯದಲ್ಲಿ ನಮ್ಮಿಬ್ಬರಿಗೂ ಜಗಳ ಇತ್ತು. ‘ಗೌರಿ ಗಣೇಶ’ದ ಲಂಬೋದರ ಸತ್ತವಳೊಬ್ಬಳ ಡೈರಿ ಹಿಡಿದುಕೊಂಡು, ಅವಳ ಗಂಡ ನಾನೇ ಎಂದು ಹೇಳಿಕೊಂಡು ಮೂರು ಮನೆಗೆ ನುಗ್ಗುತ್ತಾನೆ. ಜೊತೆಗೊಬ್ಬ ಹುಡುಗ, ಮಾಸ್ಟರ್ ಆನಂದ್. ‘ಉಂಡೂ ಹೋದ ಕೊಂಡೂ ಹೋದ’ದಲ್ಲಿ ಹಳ್ಳಿಗೆ ಬಂದ ಅಧಿಕಾರಿ ಹೆಸರಿಗೆ ತಕ್ಕ ಹಾಗೆ ಉಣ್ಣುವುದೂ ಹೌದು, ಕೊಂಡು ಹೋಗುವುದೂ ಹೌದು. 1992ರಲ್ಲಿ ಬಂದ ಅದು ನಾಗತಿಹಳ್ಳಿ ಚಂದ್ರಶೇಖರ್ ಅವರ ಮೊದಲ ನಿರ್ದೇಶನ. ಇಷ್ಟು ಮೋಸ ಮಾಡುವವನ ಮೇಲೆ ಕೋಪವೇ ಬರುವುದಿಲ್ಲವಲ್ಲ, ಯಾಕೆ? ಚಿಕ್ಕಮ್ಮನ ಪ್ರಕಾರ ಅದಕ್ಕೆ ಕಾರಣ ಅಂಗಿ. “ತುಂಬುತೋಳಿನ ಅಂಗಿ ಹಾಕ್ಕೊಂಡು ಸುಳ್ಳು ಹೇಳಿದ್ರೆ ಅದು ವಂಚನೆ. ಅರ್ಧತೋಳು ಹಾಕ್ಕೊಂಡು ಹೇಳಿದ್ರೆ ಪಾಪ, ಏನೋ ಕಷ್ಟ ಇರಬೇಕು ಅನ್ಸುತ್ತೆ.” ನನಗೆ ಹಾಗೆ ತೋರಲಿಲ್ಲ. ಅವರು ಸುಳ್ಳು ಹೇಳುವ ಮುಂಚೆ ಒಂದು ಗಳಿಗೆ ತಡೆಯುತ್ತಾರೆ. ಆ ಗಳಿಗೆಯಲ್ಲಿ ಮುಖದ ಮೇಲೆ ನಾಚಿಕೆ ಬಂದು ಹೋಗುತ್ತದೆ. ಎದುರಿಗಿದ್ದ ಪಾತ್ರ ಅದನ್ನು ನೋಡುವುದಿಲ್ಲ, ನಾವು ನೋಡುತ್ತೇವೆ. ನಾಚಿಕೆ ಇರುವವನನ್ನು ಬೈಯಲು ಮನಸ್ಸು ಬರುವುದಿಲ್ಲ. ಹನ್ನೆರಡನೇ ವಯಸ್ಸಿಗೆ ಇದನ್ನು ಹೀಗೆ ಹೇಳಲು ನನಗೆ ಬರುತ್ತಿರಲಿಲ್ಲ. “ಅಂಗಿ ಅಲ್ಲ ಚಿಕ್ಕಮ್ಮ, ಕಣ್ಣು” ಎಂದಷ್ಟೇ ಅಂದಿದ್ದೆ. ಅವಳು ಸೂಜಿ ಎತ್ತಿ ಹಿಡಿದು ನನ್ನನ್ನೇ ನೋಡಿ, “ಅದೂ ಸೇರಿಸ್ಕೋ” ಅಂದಿದ್ದಳು.

ಆ ವರ್ಷಗಳಲ್ಲಿ ನಗು ನಿಂತದ್ದು ಒಂದೇ ಒಂದು ದಿನ. 1990ರ ಸೆಪ್ಟೆಂಬರ್ 30. ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಅನಂತ್‌ನಾಗ್‌ರ ತಮ್ಮ ಶಂಕರ್‌ನಾಗ್ ಹೋಗಿಬಿಟ್ಟರೆಂಬ ಸುದ್ದಿ ವಠಾರಕ್ಕೆ ಬಂತು. ಬೀದಿಯ ತುದಿಯ ಆಟೋ ಸ್ಟ್ಯಾಂಡಿನವರು ಗಾಡಿಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಪಕ್ಕದಲ್ಲೇ ನೆಲಕ್ಕೆ ಕೂತಿದ್ದರು. ಚಿಕ್ಕಮ್ಮ ಒಂದು ವಾರ ಸಿನಿಮಾ ಮಾತೆತ್ತಲಿಲ್ಲ. ಒಂದು ಸಂಜೆ ಮಾತ್ರ, ಯಾರೂ ಕೇಳದೆಯೇ, “ಅಣ್ಣ ಆದೋನಿಗೆ ಇನ್ನು ನಗಿಸೋದು ಎಷ್ಟು ಕಷ್ಟ ಅಲ್ವೇನೇ” ಅಂದಳು. ಮುಂದಿನ ವರ್ಷ ‘ಗೌರಿ ಗಣೇಶ’ ಬಂದಾಗ ಅವಳು ಎಲ್ಲರಿಗಿಂತ ಜೋರಾಗಿ ನಕ್ಕಳು. ಕಣ್ಣೊರೆಸಿಕೊಂಡಿದ್ದು ನಗುವಿನಿಂದ ಮಾತ್ರ ಅಲ್ಲವೆಂದು ಪಕ್ಕದಲ್ಲಿ ಕೂತ ನನಗೆ ಗೊತ್ತಾಗಿತ್ತು.

1994ರ ಚುನಾವಣೆಯಲ್ಲಿ ಅನಂತ್‌ನಾಗ್ ನಿಂತದ್ದು ನಮ್ಮ ಮಲ್ಲೇಶ್ವರದಿಂದಲೇ. ಚಿಕ್ಕಮ್ಮ ಬೆಳಗ್ಗೆ ಏಳಕ್ಕೇ ತಲೆಗೆ ನೀರು ಹಾಕಿಕೊಂಡು, ಹಸಿರು ಮೈಸೂರು ಸಿಲ್ಕ್ ಉಟ್ಟು, ಮದುವೆಗೆ ಹೊರಟವಳ ಹಾಗೆ ಮತಗಟ್ಟೆಗೆ ಹೋಗಿ ಬಂದಳು. ಅವರು ಗೆದ್ದರು. ಮುಂದೆ ಜೆ.ಎಚ್. ಪಟೇಲರ ಸಂಪುಟದಲ್ಲಿ ಬೆಂಗಳೂರು ನಗರಾಭಿವೃದ್ಧಿ ಮಂತ್ರಿಯೂ ಆದರು. “ಇಷ್ಟು ವರ್ಷ ಬಾಡಿಗೆ ಮನೇಲಿದ್ದೋನಿಗೆ ಊರಿನ ಸೈಟೆಲ್ಲಾ ಕೊಟ್ಟಿದಾರೆ” ಎಂದು ಕುಣಿದಾಡಿದಳು. ಚಿಕ್ಕಪ್ಪ ಸೈಟಿಗೆ ಅರ್ಜಿ ಹಾಕೋಣವೇ ಎಂದು ಕೇಳಿದರು. “ಛೇ! ಪರಿಚಯದೋರ ಹತ್ರ ಹಾಗೆಲ್ಲಾ ಕೇಳಬಾರದು” ಅಂದುಬಿಟ್ಟಳು. ಪರಿಚಯ ಎಲ್ಲಿಂದ ಬಂತು ಎಂದು ಚಿಕ್ಕಪ್ಪನೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ನಮಗೆಲ್ಲ ಅದು ಸರಿಯಾದ ಮಾತೇ ಆಗಿತ್ತು.

1995ರಲ್ಲಿ ‘ಬೆಳದಿಂಗಳ ಬಾಲೆ’. ಸುನೀಲ್ ಕುಮಾರ್ ದೇಸಾಯಿ ಅವರ ನಿರ್ದೇಶನ, ಯಂಡಮೂರಿ ವೀರೇಂದ್ರನಾಥರ ಕಾದಂಬರಿ. ಚೆಸ್ ಆಟಗಾರ ರೇವಂತನಿಗೆ ಒಬ್ಬಳು ಫೋನ್ ಮಾಡುತ್ತಾಳೆ, ತನ್ನನ್ನು ಹುಡುಕು ಅನ್ನುತ್ತಾಳೆ. ಅವಳ ಮುಖ ನಮಗೆ ಕೊನೆಗೂ ಕಾಣುವುದಿಲ್ಲ. ಅಷ್ಟು ಹೊತ್ತಿಗೆ ನಾನು ಪಿಯುಸಿಗೆ ಬಂದಿದ್ದೆ, ಗೆಳತಿಯರ ಜೊತೆ ಹೋಗಬಹುದಿತ್ತು. ಚಿಕ್ಕಮ್ಮನ ಜೊತೆಯೇ ಹೋದೆ. ಫೋನಿಗೆ ಕಿವಿಗೊಟ್ಟು ಕೂತ ಅನಂತ್‌ನಾಗ್‌ರನ್ನು ನೋಡುತ್ತಾ ನನಗೆ ಒಂದು ವಿಷಯ ಹೊಳೆಯಿತು: ಕೇಳಿಸಿಕೊಳ್ಳುವುದನ್ನು ಇವರಷ್ಟು ಚೆನ್ನಾಗಿ ನಟಿಸುವವರು ಇಲ್ಲ. ಎದುರಿಗೆ ಯಾರೂ ಇಲ್ಲ, ಕೈಯಲ್ಲಿ ಒಂದು ರಿಸೀವರು, ಅಷ್ಟೇ. ಅವಳ ಮಾತಿಗೆ ತಕ್ಕ ಹಾಗೆ ಇವರ ಕಣ್ಣಿನಲ್ಲಿ ದೀಪ ಸಣ್ಣದಾಗುತ್ತದೆ, ದೊಡ್ಡದಾಗುತ್ತದೆ. ಆ ಹುಡುಗಿ ನಮಗೆ ಕಾಣದಿದ್ದರೂ ಇದ್ದಾಳೆ ಅನ್ನಿಸುವುದು ಅದರಿಂದಲೇ.

ಹೊರಗೆ ಬಂದ ಮೇಲೆ ಬಸ್‌ಸ್ಟಾಪಿನವರೆಗೂ ಚಿಕ್ಕಮ್ಮ ಮಾತಾಡಲಿಲ್ಲ. ಅಲ್ಲಿ ನಿಂತು, “ಮೂವತ್ತೆರಡು” ಅಂದಳು.

“ಏನು ಮೂವತ್ತೆರಡು?”

“ಆ ಹುಡುಗಿ ಅಳತೆ. ಎದೆ ಮೂವತ್ತೆರಡು, ತೋಳು ಐದೂವರೆ. ಸಣ್ಣ ಕೊರಳು. ದನಿ ಕೇಳಿದ್ರೆ ಗೊತ್ತಾಗಲ್ವಾ? ಅನಂತ ಸುಮ್ನೆ ಊರೆಲ್ಲಾ ಹುಡುಕ್ದ. ಬೀದಿ ಟೈಲರ್‌ನ ಕೇಳಿದ್ರೆ ಅರ್ಧ ಗಂಟೇಲಿ ಹುಡುಕಿಕೊಡ್ತಿದ್ಲು.”

ಹೇಳಿ ಮುಗಿಸುವಷ್ಟರಲ್ಲಿ ಅವಳ ದನಿ ಒಡೆಯಿತು. ಆ ರಾತ್ರಿ ಅವಳ ಮಿಷನ್ನು ಸದ್ದು ಮಾಡಲಿಲ್ಲ. ಅಮ್ಮನೂ ಗೋಡೆಯಾಚೆಯಿಂದ ಏನನ್ನೂ ಕೇಳಲಿಲ್ಲ.

ಎರಡು ಸಾವಿರನೇ ಇಸವಿ ದಾಟುತ್ತಿದ್ದಂತೆ ವಠಾರ ಮಾರಾಟವಾಯಿತು. ಒಬ್ಬೊಬ್ಬರು ಒಂದೊಂದು ದಿಕ್ಕು ಹಿಡಿದೆವು. ನಾವು ವಿಜಯನಗರಕ್ಕೆ, ಚಿಕ್ಕಮ್ಮ ಯಶವಂತಪುರಕ್ಕೆ. ಎರಡೂ ಬಾಡಿಗೆಯವೇ. 2006ರ ಕೊನೆಯಲ್ಲಿ ‘ಮುಂಗಾರು ಮಳೆ’ ಬಂದಾಗ ನಾಡೆಲ್ಲ ಗಣೇಶ್ ಮಾತು, ಮಳೆ ಮಾತು, ಮೊಲದ ಮಾತು. ನನಗೆ ಚಿಕ್ಕಮ್ಮನ ಫೋನು ಬಂತು. “ನೋಡಿದ್ಯಾ? ಕೊನೆಗೂ ಅವನಿಗೆ ಮನೆ ಸಿಕ್ತು!” ನಿಜ. ಮಡಿಕೇರಿಯಲ್ಲಿ ದೊಡ್ಡ ಮನೆ, ಕರ್ನಲ್ ಸುಬ್ಬಯ್ಯ. ಹೀರೋನೇ ಅವರ ಮನೆಯಲ್ಲಿ ಬಂದು ಉಳಿಯುತ್ತಾನೆ. ನಿನ್ನ ಸಿದ್ಧಾಂತ ಸೋತಿತಲ್ಲ ಅಂದೆ.

“ಎಲ್ಲಿ ಸೋತಿತು? ಸರಿಯಾಗಿ ನೋಡು. ಮನೆ ಓನರ್ ಆದ ಕೂಡಲೇ ಅವನಿಗೆ ಕಿವಿ ಕೇಳೋದು ನಿಂತೋಗಿದೆ!”

ಕರ್ನಲ್‌ಗೆ ಕಿವಿ ಮಂದ. ನಮ್ಮ ಮಹಡಿಯ “ಹೌದಾ?” ನೆನಪಾಗಿ ಫೋನಿನ ಎರಡೂ ಕಡೆ ಎಷ್ಟು ಹೊತ್ತು ನಕ್ಕೆವೋ ಗೊತ್ತಿಲ್ಲ.

2016ರಲ್ಲಿ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ನೋಡಲು ಅವಳನ್ನು ಕರೆದೊಯ್ದದ್ದು ನಾನು. ಚಿಕ್ಕಪ್ಪ ಹೋಗಿ ಎರಡು ವರ್ಷವಾಗಿತ್ತು. ಅವಳು ಮಗನ ಜೊತೆ ಯಲಹಂಕದ ಫ್ಲ್ಯಾಟಿಗೆ ಬಂದಿದ್ದಳು, ಸ್ವಂತದ್ದು, ನಾಲ್ಕನೇ ಮಹಡಿ. ತೆರೆಯ ಮೇಲೆ ವೆಂಕೋಬ ರಾವ್. ಅಲ್ಝೈಮರ್ ಕಾಯಿಲೆ. ಇದ್ದಲ್ಲಿಂದ ತಪ್ಪಿಸಿಕೊಂಡು ಬೀದಿಯಲ್ಲಿ ನಿಂತಿದ್ದಾರೆ, ಮಗ ಊರೆಲ್ಲ ಹುಡುಕುತ್ತಿದ್ದಾನೆ. ಅವರ ಕಣ್ಣು ಯಾವುದರ ಮೇಲೂ ನಿಲ್ಲುತ್ತಿರಲಿಲ್ಲ. ನಲವತ್ತು ವರ್ಷ ಹುಬ್ಬಿನಲ್ಲಿ, ಉಸಿರಿನಲ್ಲಿ, ಒಂದು ಗಳಿಗೆಯ ತಡೆಯಲ್ಲಿ ಕಥೆ ಹೇಳಿದ ಮುಖದಲ್ಲಿ ಈಗ ಹೇಳುವುದಕ್ಕೇ ಏನೂ ಉಳಿದಿಲ್ಲ. ಏನೂ ಇಲ್ಲದಿರುವುದನ್ನೂ ನಟಿಸಬಹುದೆಂದು ನನಗೆ ಅವತ್ತೇ ಗೊತ್ತಾದದ್ದು. ನನ್ನ ಮಟ್ಟಿಗೆ ಅವರ ಅಷ್ಟೂ ಪಾತ್ರಗಳಲ್ಲಿ ಇದಕ್ಕೇ ಮೊದಲ ಮಣೆ. ಅಳತೆ ಹೇಳುತ್ತಾಳೇನೋ ಎಂದು ಚಿಕ್ಕಮ್ಮನ ಕಡೆ ತಿರುಗಿದೆ. ಅವಳು ನನ್ನ ಮುಂಗೈ ಹಿಡಿದುಕೊಂಡಿದ್ದಳು. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳು. ಕೊನೆಯ ತನಕ ಬಿಡಲಿಲ್ಲ.

ಕಳೆದ ವರ್ಷ, 2025ರ ಜನವರಿಯಲ್ಲಿ, ಅನಂತ್‌ನಾಗ್‌ಗೆ ಪದ್ಮಭೂಷಣ ಬಂತು. ಪೇಪರು ಹಿಡಿದು ಯಲಹಂಕಕ್ಕೆ ಹೋದೆ. ಚಿಕ್ಕಮ್ಮ ಕನ್ನಡಕ ಏರಿಸಿ ಫೋಟೋ ನೋಡಿದಳು. “ಕಾಲರ್ ಸರಿಯಾಗಿ ಕೂತಿದೆ” ಅಂದಳು. ಆಮೇಲೆ, “ಇಷ್ಟು ತಡ ಯಾಕೆ ಮಾಡಿದ್ರು? ಅಳತೆ ತಗೊಂಡು ಎಷ್ಟು ವರ್ಷ ಆಗಿತ್ತು!”

ಹೊರಡುವಾಗ ಒಂದು ಬಟ್ಟೆ ಚೀಲ ತಂದು ಕೊಟ್ಟಳು, ಸೂಜಿಗೆ ದಾರ ಪೋಣಿಸಿಕೊಡು ಅಂದಳು. ಹಳೇ ರವಿಕೆಗಳ ಲೈನಿಂಗ್ ತುಂಡುಗಳನ್ನು ಜೋಡಿಸಿ ಅವಳೇ ಹೊಲಿದ ಕೈಚೀಲ. ತರಕಾರಿ ಅಂಗಡಿಗೆ ಹೋಗುವಾಗ ಹಿಡಿದುಕೊಂಡು ಹೋಗುತ್ತಾಳಂತೆ. ಒಳಗಡೆ ಮಡಿಕೆ ಹೊಲಿಗೆಯ ಹತ್ತಿರ ಕೆಂಪು ದಾರದಲ್ಲಿ ಅಕ್ಷರ ಕಂಡವು. ಪುಟ್ಟ ಪುಟ್ಟ ಹೊಲಿಗೆ, ಒಂದೇ ಸಮ. “ಆ ಪಿಕ್ಚರ್ ನೋಡಿದ ಮೇಲೆ ಹಾಕ್ಕೊಂಡೆ” ಅಂದಳು. “ಎಲ್ಲಾದ್ರೂ ದಾರಿ ತಪ್ಪಿದ್ರೆ ಯಾರಾದ್ರೂ ಮನೆಗೆ ಬಿಡ್ತಾರೆ. ಕೊನೇ ಎರಡು ಅಕ್ಷರ ಬಿಟ್ಟುಹೋಗಿದೆ, ಹಾಕಿಬಿಡೇ. ನನಗೀಗ ಸಣ್ಣದು ಕಾಣಲ್ಲ.”

ಕಿಟಕಿಯ ಬೆಳಕಿಗೆ ಹಿಡಿದು ಓದಿದೆ. ಮೂರನೇ ಮನೆ, ವಠಾರ, 11ನೇ ಕ್ರಾಸ್, ಮಲ್ಲೇಶ್ವರ, ಬೆಂಗ.

ನಾನು ಅವಳ ಪಕ್ಕದಲ್ಲೇ ಕೂತು ‘ಳೂರು’ ಹೊಲಿದೆ. ಮುಂದೆ ಒಂದಿಷ್ಟು ಜಾಗ ಉಳಿದಿತ್ತು. ಅಲ್ಲಿ 3 ಅಂತಲೂ ಹಾಕಿದೆ.